ಅಟ್ಟದ ಮೇಲಿನ ಗಣಕಯಂತ್ರ ಮತ್ತು ಮನೆಯ ಚಿತ್ರಮಂದಿರ

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಅನೇಕ ಮನೆಗಳ ಅಟ್ಟದ ಮೇಲೆ ಕಳೆದ ಕೆಲವು ವರ್ಷಗಳಿಂದ ಹೊಸ ಬಗೆಯ ಹಳೆಯ ಸಾಮಾನೊಂದು ಸೇರಿಕೊಂಡಿದೆ. ಅಡಿಕೆಯ ಗೋಣಿಚೀಲ, ತಳ ತೂತಾದ ಹಂಡೆ, ಉಪಯೋಗವಿಲ್ಲದ ತೊಟ್ಟಿಲು ಇವುಗಳ ನಡುವೆ ಪ್ಲಾಸ್ಟಿಕ್ ಹೊದಿಕೆ ಹೊದ್ದ ಗಣಕಯಂತ್ರ. ಮಕ್ಕಳು ಕಾಲೇಜಿನಲ್ಲಿದ್ದಾಗ, ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕೊಂಡದ್ದು. ಮಕ್ಕಳು ಓದು ಮುಗಿಸಿ ಬೆಂಗಳೂರಿಗೆ ಹೋದರು. ಲ್ಯಾಪ್‌ಟಾಪ್ ಬಂತು, ಮೊಬೈಲ್ ಬಂತು. ಕೆಳಗೆ ಜಗುಲಿಯಲ್ಲಿ ತೆಳುವಾದ ಎಲ್‌ಇಡಿ ಟಿವಿ ಗೋಡೆ ಹತ್ತಿತು. ಡೆಸ್ಕ್‌ಟಾಪ್ ಮಾತ್ರ ಅಟ್ಟ ಸೇರಿತು. ಅದನ್ನು ಎಸೆಯಲು ಮನಸ್ಸಿಲ್ಲ, ಬಳಸಲು ಕೆಲಸವಿಲ್ಲ.

ಆ ಅಟ್ಟದ ಯಂತ್ರವನ್ನೂ ಜಗುಲಿಯ ಟಿವಿಯನ್ನೂ ಒಂದು ತಂತಿಯಿಂದ ಜೋಡಿಸಿ, ಮನೆಮಂದಿ ಕುಳಿತು ಸಿನಿಮಾ, ಯಕ್ಷಗಾನ, ಸಂಗೀತ, ಮದುವೆಯ ಚಿತ್ರ ನೋಡುವ ಪುಟ್ಟ ಚಿತ್ರಮಂದಿರವನ್ನಾಗಿ ಮಾಡಬಹುದೇ ಎಂಬುದು ಇಂದಿನ ವಿಷಯ. ಮಾಡಬಹುದೇ ಎಂಬ ಪ್ರಶ್ನೆಗಿಂತ ಮಾಡಬೇಕೇ ಎಂಬ ಪ್ರಶ್ನೆ ಕಠಿಣವಾದದ್ದು. ಆದ್ದರಿಂದ ಅದನ್ನು ಮೊದಲು ಎತ್ತಿಕೊಳ್ಳುವುದು ಸೂಕ್ತ.

ಈ ಪ್ರಶ್ನೆಗೆ ಈಗ ವಿಶೇಷ ತುರ್ತು ಇದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನ ಅಥವಾ ಅದಕ್ಕೂ ಈಚಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಬಿಲ್ಲೆ ಬೇಕು. 2017ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳು ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತವೆ. ಕೆಟ್ಟಿರುವುದರಿಂದಲ್ಲ, ಅವು ಇಂದಿಗೂ ಚೆನ್ನಾಗಿ ಓಡುತ್ತವೆ. ಬ್ಯಾಂಕು, ಕಚೇರಿ, ಶಾಲೆಗಳಿಂದ ಇಂತಹ ಯಂತ್ರಗಳು ಗುಂಪುಗುಂಪಾಗಿ ಹೊರಬೀಳುತ್ತಿವೆ. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ಕಸ 6.2 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿ ಹೇಳಿದೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೊಂಡದ್ದು ಶೇಕಡಾ 22.3 ಮಾತ್ರ.

ಗಣಕಯಂತ್ರವು ಪರಿಸರಕ್ಕೆ ಹೊರೆಯಾಗುವ ರೀತಿ ಫ್ರಿಜ್ಜಿನಂತಲ್ಲ. ಫ್ರಿಜ್ಜು ತನ್ನ ಜೀವಮಾನದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಮನೆಗೆ ಬಂದ ಮೇಲೆ, ಓಡುತ್ತಾ ಓಡುತ್ತಾ ಬಳಸುತ್ತದೆ. ಗಣಕಯಂತ್ರದ ಕತೆ ಹಿಂದುಮುಂದು. ಎರಿಕ್ ವಿಲಿಯಮ್ಸ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಕಾಲದ ಡೆಸ್ಕ್‌ಟಾಪ್ ಮತ್ತು ಅದರ 17 ಅಂಗುಲದ ಪರದೆಯ ಜೀವಮಾನದ ಶಕ್ತಿಯಲ್ಲಿ ಶೇಕಡಾ 81ರಷ್ಟು ತಯಾರಿಕೆಯ ಹಂತದಲ್ಲೇ ಖರ್ಚಾಗಿರುತ್ತದೆ. ಒಂದು ಜೊತೆಯನ್ನು ತಯಾರಿಸಲು ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕಗಳು, 1500 ಕಿಲೋ ನೀರು ಬೇಕಾಗಿದ್ದವು ಎಂದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯಕ್ಕಾಗಿ ಅವರು ಸಹೋದ್ಯೋಗಿಯೊಬ್ಬರೊಡನೆ ಸಂಪಾದಿಸಿದ ಗ್ರಂಥ ಲೆಕ್ಕ ಹಾಕಿತ್ತು. ಅಂಕಿಗಳು ಹಳೆಯವು ಎಂದು ಆಕ್ಷೇಪಿಸಬಹುದು. ಅಟ್ಟದ ಮೇಲೆ ಕುಳಿತಿರುವುದೂ ಆ ತಲೆಮಾರಿನ ಯಂತ್ರವೇ ಅಥವಾ ಅದರ ತಮ್ಮ. ಅದನ್ನು ಬಳಸದೆ ಇಟ್ಟರೆ ಉರಿದುಹೋದ ಆ ಇಂಧನ ಹಿಂದಿರುಗುವುದಿಲ್ಲ. ಅದರ ಬದಲು ಹೊಸ ಉಪಕರಣವೊಂದನ್ನು ಕೊಂಡರೆ ಹೊಸದೊಂದು ಲೆಕ್ಕ ಆರಂಭವಾಗುತ್ತದೆ.

ಇಷ್ಟು ಕೇಳಿದವರು ಹಳೆಯದೆಲ್ಲವೂ ಒಳ್ಳೆಯದು ಎಂಬ ತೀರ್ಮಾನಕ್ಕೆ ಬರಬಾರದು. ಇನ್ನೊಂದು ತಕ್ಕಡಿ ಇದೆ, ಅದು ವಿದ್ಯುತ್ತಿನದು. 2004ರ ಸುಮಾರಿನ ಪೆಂಟಿಯಮ್ 4 ಯಂತ್ರ ಏನೂ ಕೆಲಸ ಮಾಡದೆ ಸುಮ್ಮನೆ ಇದ್ದಾಗಲೂ 80ರಿಂದ 100 ವಾಟ್ ನುಂಗುವುದುಂಟು. ಕೋರ್ 2 ಡ್ಯುಯೋ ಕಾಲದ್ದು ಸುಮಾರು 60 ವಾಟ್. 2011ರ ನಂತರದ ಎರಡನೆಯ, ಮೂರನೆಯ ತಲೆಮಾರಿನ ಕೋರ್ ಸರಣಿಯ ಯಂತ್ರಗಳು 30ರಿಂದ 40 ವಾಟ್‌ನಲ್ಲಿ ತೃಪ್ತಿಪಡುತ್ತವೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಅಥವಾ ಟಿವಿಯ ಬೆನ್ನಿಗೆ ಸಿಕ್ಕಿಸುವ ಕಡ್ಡಿಗಳು ಇದೇ ಕೆಲಸವನ್ನು 5 ವಾಟ್ ಆಸುಪಾಸಿನಲ್ಲಿ ಮಾಡಿ ಮುಗಿಸುತ್ತವೆ.

60 ವಾಟ್‌ನ ಯಂತ್ರವನ್ನು ದಿನಕ್ಕೆ ಮೂರು ಗಂಟೆ ನಡೆಸಿದರೆ ವರ್ಷಕ್ಕೆ ಸುಮಾರು 66 ಯೂನಿಟ್. 5 ವಾಟ್‌ನದಕ್ಕೆ ಐದೂವರೆ ಯೂನಿಟ್. ವ್ಯತ್ಯಾಸ 60 ಯೂನಿಟ್. ತಿಂಗಳಿಗೆ ಐದು ಯೂನಿಟ್ ಎಂದರೆ ಬಿಲ್ಲಿನಲ್ಲಿ ಗೊತ್ತೂ ಆಗುವುದಿಲ್ಲ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಮಿತಿಯೊಳಗಿರುವ ಮನೆಗೆ ಅದು ದುಡ್ಡಿನ ಪ್ರಶ್ನೆಯೇ ಅಲ್ಲ. ಆದರೆ ದೇಶದ ವಿದ್ಯುಜ್ಜಾಲದ ಪ್ರತಿ ಯೂನಿಟ್ಟಿನ ಹಿಂದೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಶರಾವತಿಯ ಹಿನ್ನೀರಿಗಾಗಿ ಊರು ಬಿಟ್ಟವರ ನಾಡಿನಲ್ಲಿ, ಯೂನಿಟ್ಟಿಗೆ ಬಿಲ್ಲಿನಲ್ಲಿ ಅಚ್ಚಾಗದ ಬೆಲೆಯೂ ಇದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಯಂತ್ರವನ್ನು ಆರಿಸದೆ ಹಗಲೂ ರಾತ್ರಿ ಬಿಟ್ಟರೆ ವರ್ಷಕ್ಕೆ 525 ಯೂನಿಟ್ ಆಗುತ್ತದೆ. ಆಗ ಹಳೆಯ ಯಂತ್ರವನ್ನು ಉಳಿಸಿದ ಪುಣ್ಯವೆಲ್ಲ ಕೆಲವೇ ವರ್ಷಗಳಲ್ಲಿ ಕರಗಿಹೋಗುತ್ತದೆ.

ಆದ್ದರಿಂದ ಮೊದಲ ಕೆಲಸ ಅಳತೆ. ಇದಕ್ಕೆ ಯಾವ ಉಪಕರಣವನ್ನೂ ಕೊಳ್ಳಬೇಕಾಗಿಲ್ಲ. ಮನೆಯ ವಿದ್ಯುತ್ ಮೀಟರಿನಲ್ಲಿ ಮಿನುಗುವ ಕೆಂಪು ದೀಪವಿರುತ್ತದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಬಾರಿ ಮಿನುಗುತ್ತದೆ ಎಂಬ ಸಂಖ್ಯೆಯೂ, ಉದಾಹರಣೆಗೆ 3200 ಎಂದು, ಅದರ ಮೇಲೆ ಅಚ್ಚಾಗಿರುತ್ತದೆ. ಫ್ರಿಜ್ಜು, ಪಂಪು, ದೀಪ, ಟಿವಿ ಎಲ್ಲವನ್ನೂ ಆರಿಸಿ ಗಣಕಯಂತ್ರವೊಂದನ್ನೇ ನಡೆಸಿ, ಹತ್ತು ನಿಮಿಷಗಳಲ್ಲಿ ಎಷ್ಟು ಬಾರಿ ಮಿನುಗಿತು ಎಂದು ಎಣಿಸಬೇಕು. 3200ರ ಮೀಟರಿನಲ್ಲಿ 32 ಬಾರಿ ಮಿನುಗಿದರೆ ಯಂತ್ರ 60 ವಾಟ್ ಎಳೆಯುತ್ತಿದೆ ಎಂದರ್ಥ. 50 ದಾಟಿದರೆ ಅದನ್ನು ನಿತ್ಯದ ಬಳಕೆಗೆ ತರುವ ಆಸೆ ಬಿಡುವುದು ಲೇಸು. ಶಾಲೆಗೆ ಹೋಗುವ ಮಕ್ಕಳಿಗೆ ಈ ಎಣಿಕೆಯನ್ನು ವಹಿಸಿದರೆ ಮನೆಯ ಉಳಿದ ಉಪಕರಣಗಳ ಬಣ್ಣವೂ ಬಯಲಾಗುತ್ತದೆ.

ಅಳತೆಯ ನಂತರ ಯಂತ್ರದ ವಯಸ್ಸನ್ನು ನೋಡಬೇಕು. ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿದಾಗ ಹಾರ್ಡ್ ಡಿಸ್ಕಿಗೆ ಹೋಗುವ ತಂತಿ ಅಗಲವಾದ ಪಟ್ಟಿಯಂತಿದ್ದರೆ ಅದು ತೀರಾ ಹಳೆಯ ಕಾಲದ್ದು. ಬೆರಳಗಲದ ಸಪುರ ತಂತಿಯಾದರೆ ಮುಂದುವರಿಯಬಹುದು. ಮದರ್‌ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಡಬ್ಬಿಗಳಂತಹ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ರಸ ಒಸರಿದ್ದರೆ ಆ ಬೋರ್ಡಿಗೆ ಆಯುಷ್ಯವಿಲ್ಲ. 2000ದಿಂದ 2007ರವರೆಗಿನ ಎಷ್ಟೋ ಬೋರ್ಡುಗಳು ದೋಷಯುಕ್ತ ಕೆಪಾಸಿಟರಿನಿಂದಲೇ ಹಾಳಾದವು.

ವಯಸ್ಸಿಗೇಕೆ ಇಷ್ಟು ಮಹತ್ವ? ಚಲಿಸುವ ಚಿತ್ರವೆಂದರೆ ಅಪಾರ ಮಾಹಿತಿ. ಈಗಿನ ಟಿವಿಗೆ ಒಪ್ಪುವ 1920ಕ್ಕೆ 1080 ಚುಕ್ಕಿಗಳ, ಸೆಕೆಂಡಿಗೆ 24 ಚಿತ್ರಗಳ, ಎರಡೂವರೆ ಗಂಟೆಯ ಸಿನಿಮಾವನ್ನು ಇದ್ದಂತೆಯೇ ಕೂಡಿಟ್ಟರೆ 1300 ಗಿಗಾಬೈಟ್‌ಗಿಂತಲೂ ಹೆಚ್ಚಾಗುತ್ತದೆ. ಅದು ಐದಾರು ಗಿಗಾಬೈಟಿಗೆ ಇಳಿದು ಪೆನ್‌ಡ್ರೈವಿನಲ್ಲಿ ಕೂರುವುದು ಸಂಕೋಚನದ ಗಣಿತದಿಂದ. ಮೊದಲ ಚಿತ್ರಕ್ಕೂ ಎರಡನೆಯದಕ್ಕೂ ಏನು ಬದಲಾಯಿತೋ ಅಷ್ಟನ್ನೇ ಬರೆದಿಡುವುದು ಇದರ ಮೂಲತತ್ತ್ವ. ಒಣಗಿಸಿಟ್ಟ ಬಾಳಕದಂತೆ ಅದನ್ನು ಬಡಿಸುವ ಮೊದಲು ಮತ್ತೆ ಅರಳಿಸಬೇಕು. ಆ ಅರಳಿಸುವ ಶ್ರಮ ಪ್ರೊಸೆಸರಿನದು. ಸಂಕೋಚನ ಬಿಗಿಯಾದಷ್ಟೂ ಶ್ರಮ ಹೆಚ್ಚು. ವಿಸಿಡಿಯ ಎಂಪೆಗ್-1, ಡಿವಿಡಿಯ ಎಂಪೆಗ್-2 ಇವು ಎಂತಹ ಹಳೆಯ ಯಂತ್ರಕ್ಕೂ ಲೀಲಾಜಾಲ. 2003ರಲ್ಲಿ ಬಂದ ಎಚ್.264 ಕ್ರಮವನ್ನು ಕೋರ್ 2 ಡ್ಯುಯೋ ಸ್ವಲ್ಪ ಬೆವರಿ ನಿಭಾಯಿಸುತ್ತದೆ; 2011ರ ನಂತರದ ಇಂಟೆಲ್ ಪ್ರೊಸೆಸರುಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಮಂಡಲವಿರುವುದರಿಂದ ಬೆವರೇ ಇಲ್ಲ. 2013ರ ಎಚ್.265 ಕ್ರಮಕ್ಕೆ 2015ರ ಆರನೆಯ ತಲೆಮಾರು, ಅದರ ಹತ್ತು ಬಿಟ್‌ನ ರೂಪಕ್ಕೆ ಏಳನೆಯ ತಲೆಮಾರು ಬೇಕು. 2018ರ ಎವಿ1 ಇನ್ನೂ ಈಚಿನದು. ತಾಳ ತಪ್ಪಿ ಚಿತ್ರ ಎಡವಿ ಎಡವಿ ಓಡಿದರೆ ಯಂತ್ರ ಕೆಟ್ಟಿದೆ ಎಂದುಕೊಳ್ಳದೆ, ಆ ಕಡತ ಯಾವ ಕ್ರಮದಲ್ಲಿದೆ ಎಂದು ನೋಡುವುದು ಒಳ್ಳೆಯದು. 4ಕೆ ಚಿತ್ರಗಳ ಹಂಬಲವನ್ನು ಹಳೆಯ ಯಂತ್ರದ ಮೇಲೆ ಹೇರಬಾರದು. ಅದಕ್ಕಾಗಿ ಹೊಸ ಗ್ರಾಫಿಕ್ಸ್ ಕಾರ್ಡು ಕೊಳ್ಳುವವರೂ ಇದ್ದಾರೆ. ಕಸ ತಪ್ಪಿಸಲು ಹೊರಟು ಹೊಸ ಸಾಮಾನು ತರುವ ಆ ದಾರಿ ಸಮರ್ಥನೀಯವಲ್ಲ.

ಇನ್ನು ಒಳಗಿನ ಶುಚಿ. ಮಲೆನಾಡಿನ ಅಟ್ಟದಿಂದ ಇಳಿದ ಪೆಟ್ಟಿಗೆಯಲ್ಲಿ ಧೂಳಿನ ಜೊತೆಗೆ ಜಿರಳೆ, ಹಲ್ಲಿಯ ಮೊಟ್ಟೆ, ಇರುವೆಯ ಸಂಸಾರ ಇರುವುದು ಸಾಮಾನ್ಯ. ಬಿಸಿಲಿರುವ ದಿನ ಹೊರಗೆ ತಂದು, ಮೆತ್ತನೆಯ ಕುಂಚದಿಂದ ಗುಡಿಸಿ, ಗಾಳಿ ಊದಿ ತೆಗೆಯಬೇಕು. ಊದುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ರ್ಯಾಮ್ ಪಟ್ಟಿಯನ್ನು ಕಿತ್ತು ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರೆ, ಸತ್ತಿದೆ ಎಂದು ಬಗೆದ ಯಂತ್ರ ಎದ್ದು ಕುಳಿತದ್ದುಂಟು. ತೇವದಿಂದ ಅಲ್ಲಿ ಕಿಲುಬು ಕಟ್ಟಿರುತ್ತದೆ. ಬೋರ್ಡಿನ ಮೇಲಿನ ನಾಣ್ಯದಾಕಾರದ ಬ್ಯಾಟರಿ ಬದಲಿಸಬೇಕು. ಪ್ರೊಸೆಸರಿನ ಮೇಲಿನ ಶಾಖವಾಹಕ ಲೇಪ ಒಣಗಿ ಸುಣ್ಣವಾಗಿದ್ದರೆ ಹೊಸತು ಹಚ್ಚಬೇಕು. ವಿದ್ಯುತ್ ಪೂರೈಸುವ ಒಳಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ತಂತಿ ಕಿತ್ತ ಮೇಲೂ ಅದರಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ. ಹೊಸದಾಗಿ ಏನನ್ನಾದರೂ ಕೊಳ್ಳುವುದಿದ್ದರೆ ಚಿಕ್ಕ ಎಸ್‌ಎಸ್‌ಡಿ ಒಂದು ಸಾಕು. ತಿರುಗುವ ಭಾಗವಿಲ್ಲದ್ದರಿಂದ ಸದ್ದಿಲ್ಲ, ಯಂತ್ರವೂ ಬೇಗ ಏಳುತ್ತದೆ. ಹಳೆಯ ಹಾರ್ಡ್ ಡಿಸ್ಕು ಉಗ್ರಾಣವಾಗಿ ಉಳಿಯಲಿ.

ಇಲ್ಲಿಯವರೆಗೆ ಹೇಳಿದ್ದು ಟಿವಿಯ ಕಡ್ಡಿಯೂ ಮಾಡಬಲ್ಲ ಕೆಲಸಗಳ ಬಗ್ಗೆ. ಕಡ್ಡಿಗೆ ಆಗದ, ಲ್ಯಾಪ್‌ಟಾಪಿಗೂ ಆಗದ, ಹಳೆಯ ಡೆಸ್ಕ್‌ಟಾಪಿನಿಂದ ಮಾತ್ರ ಆಗುವ ಕೆಲಸ ಬೇರೆಯಿದೆ. ಇಡೀ ಪ್ರಯತ್ನಕ್ಕೆ ನಿಜವಾದ ಸಮರ್ಥನೆ ಇರುವುದು ಅಲ್ಲಿಯೇ. ಹಳೆಯ ಡೆಸ್ಕ್‌ಟಾಪಿನ ಮುಖದಲ್ಲಿ ಸಿಡಿ-ಡಿವಿಡಿ ಓದುವ ಬಾಯಿ ಇದೆ. ಅದರ ಬೆನ್ನಿನಲ್ಲಿ ಹೊರಗಿನ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ನೀಲಿ ಬಣ್ಣದ ರಂಧ್ರವಿದೆ. ಈಗಿನ ಯಂತ್ರಗಳಲ್ಲಿ ಇವೆರಡೂ ಬಹುತೇಕ ಮಾಯವಾಗಿವೆ.

2000ದ ದಶಕದಲ್ಲಿ ಮಲೆನಾಡು, ಕರಾವಳಿಗಳ ಮದುವೆ, ಉಪನಯನ, ಗೃಹಪ್ರವೇಶಗಳೆಲ್ಲ ವಿಸಿಡಿಗಳಲ್ಲಿ ಉಳಿದವು. ತೇರುಪೇಟೆಯಲ್ಲಿ ಯಕ್ಷಗಾನ ಪ್ರಸಂಗಗಳ ವಿಸಿಡಿ ಮಾರಾಟಕ್ಕಿರುತ್ತಿತ್ತು. ಅದಕ್ಕೂ ಹಿಂದಿನ ಇಪ್ಪತ್ತು ವರ್ಷ ಕ್ಯಾಸೆಟ್ಟಿನ ಕಾಲ. 1990ರಲ್ಲಿ ಚಿಕ್ಕ ಪ್ರಾಯದಲ್ಲೇ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆಯನ್ನು, 2006ರಲ್ಲಿ ನಿಧನರಾದ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಲೆಯ ಅರ್ಥವನ್ನು ಮನೆಮನೆಗೆ ತಲುಪಿಸಿದ್ದು ಕ್ಯಾಸೆಟ್ಟು. ಅಂಗಡಿಯಲ್ಲಿ ಮಾರಾಟವಾದವು ಎಲ್ಲಿಯಾದರೂ ಇನ್ನೊಂದು ಪ್ರತಿ ಉಳಿದಾವು. ಊರಿನ ದೇವಸ್ಥಾನದ ಜಗುಲಿಯಲ್ಲಿ ನಡೆದ ಕೂಟವನ್ನು ಯಾರೋ ಟೇಪ್‌ರೆಕಾರ್ಡರ್ ಇಟ್ಟು ಹಿಡಿದದ್ದಕ್ಕೆ, ತೀರಿಹೋದ ಅಜ್ಜಿ ಹಸೆಗೆ ಕರೆವ ಹಾಡು ಹೇಳಿದ್ದಕ್ಕೆ, ಎರಡನೆಯ ಪ್ರತಿ ಎಂಬುದೇ ಇಲ್ಲ.

ಇವುಗಳಿಗೆ ಮಲೆನಾಡಿನ ಹವೆಯೇ ವೈರಿ. ಮಳೆಗಾಲದ ತೇವಕ್ಕೆ ಕ್ಯಾಸೆಟ್ಟಿನ ಪಟ್ಟಿಯ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಮನೆಯಲ್ಲಿ ಅಥವಾ ಸ್ಟುಡಿಯೋದಲ್ಲಿ ಬರೆದ ಸಿಡಿಗಳಲ್ಲಿ ಮಾಹಿತಿ ಇರುವುದು ಬಣ್ಣದ ತೆಳುಪದರದಲ್ಲಿ. ಬಿಸಿಲು, ಸೆಕೆ, ತೇವಗಳಿಗೆ ಅದು ಮಾಸುತ್ತದೆ. ಇಪ್ಪತ್ತು ವರ್ಷ ದಾಟಿದ ತಟ್ಟೆ ಇವತ್ತು ಓದಿತು ಎಂದರೆ ಮುಂದಿನ ಮಳೆಗಾಲದ ನಂತರವೂ ಓದೀತು ಎಂಬ ಖಾತರಿ ಇಲ್ಲ.

ಇಲ್ಲಿ ಕೆಲಸದ ಅನುಕ್ರಮ ಮುಖ್ಯ. ಹಳೆಯ ವಿಂಡೋಸನ್ನು ಅಳಿಸುವ ಮೊದಲೇ ವಿಸಿಡಿಗಳ ಪ್ರತಿ ತೆಗೆದುಕೊಳ್ಳಬೇಕು. ವಿಸಿಡಿಯೊಳಗೆ ಎಂಪೆಗ್‌ಎವಿ ಎಂಬ ಕೋಶದಲ್ಲಿ ಡ್ಯಾಟ್ ಎಂದು ಕೊನೆಗೊಳ್ಳುವ ಕಡತಗಳಿರುತ್ತವೆ. ವಿಂಡೋಸಿನಲ್ಲಿ ಅವನ್ನು ಸಾಮಾನ್ಯ ಕಡತದಂತೆ ಎಳೆದು ಹಾಕಿಕೊಳ್ಳಬಹುದು. ಲಿನಕ್ಸಿನಲ್ಲಿ ಹಾಗೆ ಎಳೆದರೆ ದೋಷಸೂಚನೆ ಬರುತ್ತದೆ. ವಿಸಿಡಿಯ ದತ್ತಾಂಶವನ್ನು ಮಾಮೂಲಿ ಸಿಡಿಗಿಂತ ಭಿನ್ನವಾದ ಅಳತೆಯ ತುಣುಕುಗಳಲ್ಲಿ ಬರೆದಿರುವುದೇ ಕಾರಣ. ಅದಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಾಗುತ್ತದೆ. ತಟ್ಟೆಯನ್ನು ಒರೆಸುವಾಗ ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತಲೂ ತಿರುವಿ ಒರೆಸಬಾರದು. ಒಂದು ಯಂತ್ರ ಓದದ ತಟ್ಟೆಯನ್ನು ಇನ್ನೊಂದು ಓದುವುದುಂಟು. ಆದ್ದರಿಂದ ನಿತ್ಯಬಳಕೆಗೆ ಅಯೋಗ್ಯವೆಂದ ಪೆಂಟಿಯಮ್ 4 ಯಂತ್ರವನ್ನೂ ಈ ಕೆಲಸ ಮುಗಿಯುವವರೆಗೆ ಉಳಿಸಿಕೊಳ್ಳುವುದು ಜಾಣತನ. ಒಂದು ವಿಸಿಡಿ ಹೆಚ್ಚೆಂದರೆ 800 ಮೆಗಾಬೈಟ್. ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಸಾವಿರಕ್ಕೂ ಹೆಚ್ಚು ವಿಸಿಡಿಗಳು ಹಿಡಿಸುತ್ತವೆ. ಇಡೀ ಊರಿನ ಸಂಗ್ರಹ ಒಂದೇ ಪೆಟ್ಟಿಗೆಯಲ್ಲಿ ಕುಳಿತೀತು.

ಕ್ಯಾಸೆಟ್ಟಿಗೆ ತಾಳ್ಮೆ ಬೇಕು. ಟೇಪ್‌ರೆಕಾರ್ಡರಿನ ಧ್ವನಿ ಹೊರಬರುವ ರಂಧ್ರದಿಂದ ಗಣಕಯಂತ್ರದ ನೀಲಿ ರಂಧ್ರಕ್ಕೆ ತಂತಿ ಜೋಡಿಸಿ, ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಹಿಡಿಯುತ್ತದೆ, ಅವಸರದ ದಾರಿ ಇಲ್ಲ. ಸಂಕೋಚಿಸದೆ ಇಟ್ಟರೆ ಗಂಟೆಗೆ 635 ಮೆಗಾಬೈಟ್. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೆಯೇ ಓಡಿಸಿದರೆ ಟೇಪ್‌ರೆಕಾರ್ಡರಿನ ತಲೆಗೂ ಅದು ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಅಂಥದ್ದನ್ನು ಬೇರೆಯಾಗಿಟ್ಟು ಕೊನೆಯಲ್ಲಿ ಮಾಡಬೇಕು. ಒಂದೊಂದರ ನಂತರವೂ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಕಡತಕ್ಕೆ ಹೆಸರಿಡುವಾಗ ಪ್ರಸಂಗ, ಊರು, ವರ್ಷ, ಭಾಗವತರು, ಅರ್ಥಧಾರಿಗಳ ಹೆಸರನ್ನು ಬರೆಯಬೇಕು. ಧ್ವನಿಯನ್ನು ಗುರುತಿಸಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು. ಈ ಪ್ರತಿಗಳು ಮನೆಮಂದಿಯ ಉಪಯೋಗಕ್ಕೆ. ಮಾರಾಟದ ವಿಸಿಡಿಯ ಪ್ರತಿಯನ್ನು ಊರಿನಲ್ಲಿ ಹಂಚುವುದಕ್ಕೆ, ಸಾರ್ವಜನಿಕವಾಗಿ ತೋರಿಸುವುದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕು. ಕಲಾವಿದರ ಅನ್ನದ ಪ್ರಶ್ನೆ ಅದು.

ಸಂಗ್ರಹ ಸುರಕ್ಷಿತವಾದ ಮೇಲೆ ಯಂತ್ರಕ್ಕೆ ಹೊಸ ತಂತ್ರಾಂಶ. 2002ರಲ್ಲಿ ಮೈಕ್ರೋಸಾಫ್ಟೇ ವಿಂಡೋಸಿನ ಮೀಡಿಯಾ ಸೆಂಟರ್ ಆವೃತ್ತಿಯನ್ನು ಹೊರತಂದಿತ್ತು. 2015ರ ವಿಂಡೋಸ್ 10ರ ಹೊತ್ತಿಗೆ ಅದನ್ನು ಕೈಬಿಟ್ಟಿತು. ಅದೇ 2002ರ ಸುಮಾರಿಗೆ ಹವ್ಯಾಸಿಗಳು ಆಟದ ಪೆಟ್ಟಿಗೆಯಾದ ಎಕ್ಸ್‌ಬಾಕ್ಸಿಗಾಗಿ ಬರೆದ ತಂತ್ರಾಂಶ ಮಾತ್ರ ಇಂದಿಗೂ ಬದುಕಿದೆ. ಅದರ ಹೆಸರು 2014ರಿಂದ ಕೋಡಿ. ಕೆರೆಕೋಡಿಗೂ ಇದಕ್ಕೂ ಸಂಬಂಧವಿಲ್ಲ. ದೂರದಲ್ಲಿ ಕುಳಿತವರಿಗೂ ಕಾಣುವ ದೊಡ್ಡ ಅಕ್ಷರ, ಬಾಣದ ಗುಂಡಿಗಳಿಂದಲೇ ಎಲ್ಲ ಆಯ್ಕೆ. ಮೌಸ್ ಹಿಡಿಯಲು ಬಾರದ ಅಜ್ಜನಿಗೂ ಅರ್ಧ ಗಂಟೆಯಲ್ಲಿ ಕೈ ಕೂರುತ್ತದೆ. 2016ರಲ್ಲಿ ಹುಟ್ಟಿದ ಲಿಬ್ರೆಎಲೆಕ್ ಎಂಬ ಪುಟ್ಟ ಲಿನಕ್ಸ್ ಕೋಡಿಯನ್ನು ನಡೆಸುವುದಕ್ಕೆಂದೇ ಇರುವುದು. ಎಂಟು ಹತ್ತು ವರ್ಷದ ಹಳೆಯ ಯಂತ್ರವನ್ನೂ ಚುರುಕಾಗಿ ಓಡಿಸುತ್ತದೆ. ಆದರೆ ಅದನ್ನು ಅಳವಡಿಸುವಾಗ ಆ ಡಿಸ್ಕಿನಲ್ಲಿರುವುದೆಲ್ಲ ಅಳಿದುಹೋಗುತ್ತದೆ. ಸಂಗ್ರಹದ ಡಿಸ್ಕಿನ ತಂತಿಯನ್ನು ಕಿತ್ತಿಟ್ಟು ಈ ಕೆಲಸಕ್ಕೆ ಕೈಹಾಕಬೇಕು ಎಂದು ಮೂರು ಸಲ ಹೇಳಿದರೂ ಹೆಚ್ಚಾಗದು. ಚಿತ್ರ ನೋಡುವುದರ ಜೊತೆಗೆ ಪತ್ರ ಬರೆಯುವುದು, ಲೆಕ್ಕ ಇಡುವುದು ಮುಂತಾದ ಕೆಲಸವೂ ಬೇಕೆನ್ನುವವರು ಲಿನಕ್ಸ್ ಮಿಂಟ್ ಹಾಕಿ ಅದರಲ್ಲಿ ಕೋಡಿ ಅಥವಾ ವಿಎಲ್‌ಸಿ ಇಟ್ಟುಕೊಳ್ಳಬಹುದು. ಮಿಂಟ್ ಅನ್ನು ಅಳವಡಿಸದೆ ಪೆನ್‌ಡ್ರೈವಿನಿಂದಲೇ ನಡೆಸಿ ಪರೀಕ್ಷಿಸುವ ಅನುಕೂಲವಿದೆ. ಇವೆಲ್ಲ ಉಚಿತ.

ಟಿವಿಗೆ ಜೋಡಿಸುವಾಗ ಎಚ್‌ಡಿಎಂಐ ಇದ್ದರೆ ಚಿತ್ರವೂ ಧ್ವನಿಯೂ ಒಂದೇ ತಂತಿಯಲ್ಲಿ ಹೋಗುತ್ತವೆ. ಹಳೆಯ ನೀಲಿ ಮುಖದ ವಿಜಿಎ ರಂಧ್ರದಲ್ಲಿ ಚಿತ್ರ ಮಾತ್ರ. ಧ್ವನಿಗೆ ಬೇರೆ ತಂತಿ ಎಳೆಯಬೇಕು. ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಟಿವಿಯ ಅಳತೆಯ ಆಯ್ಕೆಯಲ್ಲಿ ಸರಿಪಡಿಸಬಹುದು. ದೂರನಿಯಂತ್ರಕಕ್ಕಾಗಿ ಹೊಸದೇನೂ ಬೇಡ. ಮನೆಯಲ್ಲಿ ವೈಫೈ ಇದ್ದರೆ ಮೊಬೈಲಿನಲ್ಲಿ ಕೋರೆ ಎಂಬ ಉಚಿತ ತಂತ್ರಾಂಶ ಆ ಕೆಲಸ ಮಾಡುತ್ತದೆ.

ಧ್ವನಿಯ ವಿಷಯದಲ್ಲಿ ಹೋಮ್ ಥಿಯೇಟರ್ ಎಂದೊಡನೆ ಐದು ಪೆಟ್ಟಿಗೆ, ಒಂದು ಗುಡುಗುವ ಡಬ್ಬ ಎಂಬ ಕಲ್ಪನೆ ಬೇರೂರಿದೆ. ಕ್ಯಾಸೆಟ್ ಕಾಲದ ಸ್ಟೀರಿಯೋ ಸೆಟ್ಟಿನ ಎರಡು ಪೆಟ್ಟಿಗೆಗಳು ಹೆಂಚಿನ ಮನೆಯ ಜಗುಲಿಗೆ ಧಾರಾಳವಾಗಿ ಸಾಲುತ್ತವೆ. ಅದರ ಬೆನ್ನಿನ ಕೆಂಪು-ಬಿಳಿ ರಂಧ್ರಗಳಿಗೆ ಗಣಕಯಂತ್ರದ ಹಸಿರು ರಂಧ್ರದಿಂದ ಒಂದು ತಂತಿ ಸಾಕು. ಸಿನಿಮಾದ ಮಾತು ಕೇಳದೆ ಸಂಗೀತ ಮಾತ್ರ ಅಬ್ಬರಿಸುತ್ತದೆ ಎಂಬ ದೂರು ಎಲ್ಲ ಮನೆಯಲ್ಲೂ ಇದೆ. ಮಾತುಗಳನ್ನು ನಡುವಿನ ಪೆಟ್ಟಿಗೆಗೆಂದು ಮುದ್ರಿಸಿರುತ್ತಾರೆ. ಆರನ್ನು ಎರಡಕ್ಕೆ ಇಳಿಸುವಾಗ ಅವು ಸೊರಗುತ್ತವೆ. ಕೋಡಿಯ ಧ್ವನಿ ವಿಭಾಗದಲ್ಲಿ ಎರಡು ಪೆಟ್ಟಿಗೆಗಳಿವೆ ಎಂದು ತಿಳಿಸಿ, ನಡುವಿನ ವಾಹಿನಿಯನ್ನು ಹೆಚ್ಚಿಸಿದರೆ ಮಾತು ಮುಂದೆ ಬರುತ್ತದೆ. ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುವಾಗ ಯಾವ ಯಂತ್ರವೂ ಗೆಲ್ಲಲಾರದು, ಆಗ ಅಕ್ಷರದ ಅಡಿಬರಹವೇ ಗತಿ.

ಗುಡುಗು-ಸಿಡಿಲಿನ ವಿಷಯ. ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಸ್ವಿಚ್ಚು ಆರಿಸುವುದು ರಕ್ಷಣೆಯಲ್ಲ, ಪ್ಲಗ್ಗನ್ನೇ ಕೀಳಬೇಕು. ಇಂಟರ್ನೆಟ್ಟಿನ ತಾಮ್ರದ ತಂತಿ, ಡಿಶ್ಶಿನಿಂದ ಬರುವ ತಂತಿಯನ್ನೂ ಕೀಳಬೇಕು. ಪ್ಲಗ್ಗು ಕಿತ್ತು ಡಿಶ್ಶಿನ ತಂತಿ ಬಿಟ್ಟವರ ಟಿವಿ, ಟಿವಿಯ ಮೂಲಕ ಗಣಕಯಂತ್ರ, ಎರಡೂ ಸುಡುತ್ತವೆ. ಅಟ್ಟದಲ್ಲಿ ಹಾಳಾಗುವುದಕ್ಕಿಂತ ದಿನವೂ ಓಡುವ ಯಂತ್ರವೇ ಮಳೆಗಾಲದಲ್ಲಿ ಹೆಚ್ಚು ಆರೋಗ್ಯವಾಗಿರುತ್ತದೆ. ಅದರ ಬಿಸಿಯೇ ತೇವವನ್ನು ಓಡಿಸುತ್ತದೆ. ರಾತ್ರಿ ಗೋಡೆಯ ಸ್ವಿಚ್ಚಿನಲ್ಲೇ ಆರಿಸುವ ಅಭ್ಯಾಸ ಬೇಕು. ಆರಿಸಿದಂತೆ ಕಾಣುವ ಯಂತ್ರ ಒಂದೆರಡು ವಾಟ್ ಎಳೆಯುತ್ತಲೇ ಇರುತ್ತದೆ, ವರ್ಷಕ್ಕೆ 15 ಯೂನಿಟ್‌ನಷ್ಟು.

ಈ ಯಂತ್ರದಿಂದ ಆಗದ್ದನ್ನೂ ಹೇಳಿಬಿಡಬೇಕು. ಚಂದಾ ಕಟ್ಟಿ ನೋಡುವ ಸಿನಿಮಾ ಸೇವೆಗಳು ನಕಲು ತಡೆಯುವ ಬೀಗ ಹಾಕಿರುತ್ತವೆ. ಇಂತಹ ಯಂತ್ರದಲ್ಲಿ ಅವು ಅನೇಕ ವೇಳೆ ಕಡಿಮೆ ಗುಣಮಟ್ಟದ ಚಿತ್ರವನ್ನಷ್ಟೇ ಕೊಡುತ್ತವೆ. ಒಳ್ಳೆಯ ಇಂಟರ್ನೆಟ್ ಸಂಪರ್ಕವಿದ್ದು, ಅಂತಹ ಸೇವೆಗಳನ್ನೇ ನೋಡುವ ಮನೆಗೆ 5 ವಾಟ್‌ನ ಕಡ್ಡಿಯೇ ತಕ್ಕದ್ದು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ಮನೆಗೆ, ಪೆಟ್ಟಿಗೆ ತುಂಬ ತಟ್ಟೆ, ಕ್ಯಾಸೆಟ್ಟು ಇರುವ ಮನೆಗೆ, ಊರಿನ ಶಾಲೆಗೆ, ಯುವಕ ಸಂಘಕ್ಕೆ ಹಳೆಯ ಡೆಸ್ಕ್‌ಟಾಪ್ ಯೋಗ್ಯ.

ಪರೀಕ್ಷೆಯಲ್ಲಿ ಸೋತ ಯಂತ್ರಗಳು ಉಳಿಯುತ್ತವೆ. ಇವನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟರೆ ತಾಮ್ರಕ್ಕಾಗಿ ತಂತಿ ಸುಡುತ್ತಾರೆ; ಉಳಿದದ್ದು ಹಳ್ಳದ ದಂಡೆಗೆ ಬೀಳುತ್ತದೆ. ಹಳೆಯ ದಪ್ಪ ಪರದೆಯ ಗಾಜಿನಲ್ಲಿ ಸೀಸವಿದೆ, ಬೋರ್ಡಿನ ಬೆಸುಗೆಯಲ್ಲಿ ಸೀಸವಿದೆ, ಕೆಲವು ಬಿಡಿಭಾಗಗಳಲ್ಲಿ ಕ್ಯಾಡ್ಮಿಯಂ ಇದೆ. ಮಲೆನಾಡಿನ ಮಣ್ಣು ಹುಳಿ ಮಣ್ಣು. ಮಣ್ಣು ಹುಳಿಯಾದಷ್ಟೂ ಈ ಲೋಹಗಳು ಹೆಚ್ಚು ಕರಗಿ ನೀರಿನೊಡನೆ ಚಲಿಸುತ್ತವೆ. ಅದರಲ್ಲಿಯೂ ಕ್ಯಾಡ್ಮಿಯಂ ಅನ್ನು ಭತ್ತದ ಬೇರು ಹೀರಿ ಕಾಳಿಗೆ ಮುಟ್ಟಿಸುತ್ತದೆ. ಹಳ್ಳದ ನೀರು ಗದ್ದೆಗೆ ಹೋಗುವ ಊರುಗಳಲ್ಲಿ ಇದನ್ನು ಪಟ್ಟಣದ ಸಮಸ್ಯೆ ಎಂದು ತಳ್ಳಿಹಾಕುವಂತಿಲ್ಲ. ವಿದ್ಯುನ್ಮಾನ ಕಸದ ನಿಯಮಗಳು ದೇಶದಲ್ಲಿ 2012ರಿಂದ ಜಾರಿಯಲ್ಲಿವೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳು ತಯಾರಕರ ಮೇಲೆ ಮರುಬಳಕೆಯ ಗುರಿಯನ್ನು ಹೊರಿಸಿವೆ. ನೋಂದಾಯಿತ ಮರುಬಳಕೆದಾರರು ಬಹುತೇಕ ನಗರದಲ್ಲಿರುವುದರಿಂದ ಒಂದು ಮನೆಯ ಒಂದು ಪೆಟ್ಟಿಗೆಗಾಗಿ ಅವರು ಘಟ್ಟ ಹತ್ತಿ ಬರಲಾರರು. ಊರಿನದ್ದೆಲ್ಲ ಒಂದು ಕಡೆ, ಮಳೆ ತಾಗದ ಮಾಡಿನ ಕೆಳಗೆ, ಗಾಜು ಒಡೆಯದಂತೆ ಕೂಡಿಟ್ಟು ಒಂದು ಲಾರಿಯ ಹೊರೆಯಾದಾಗ ಕರೆಸುವುದು ಕಾರ್ಯಸಾಧ್ಯ. ಕೊಡುವ ಮೊದಲು ಹಾರ್ಡ್ ಡಿಸ್ಕನ್ನು ಕಿತ್ತಿಟ್ಟುಕೊಳ್ಳಬೇಕು. ಅದರಲ್ಲಿ ಮನೆಯವರ ಬ್ಯಾಂಕಿನ ಕಾಗದಪತ್ರಗಳಿರುತ್ತವೆ. ಸಿಡಿ ಓದುವ ಡ್ರೈವು ಸರಿಯಿದ್ದರೆ ಅದನ್ನೂ ತೆಗೆದಿಡಬೇಕು. ಪಕ್ಕದ ಮನೆಯ ಡ್ರೈವು ಕೆಟ್ಟಾಗ ಹಾಕಲು ಅಂಗಡಿಯಲ್ಲಿ ಈಗ ಅದು ಸುಲಭವಾಗಿ ಸಿಗುವುದಿಲ್ಲ.